ಪೂಜೆಗಿಟ್ಟ ಎರಡು ಕೀಲಿ

ನಿವೃತ್ತಿಗೆ ಒಂದು ವರ್ಷ ಬಾಕಿಯಿದ್ದಾಗ ನಾನು ಚನ್ನಗಿರಿಯಲ್ಲಿ ಅಗ್ನಿಶಾಮಕ ಠಾಣಾಧಿಕಾರಿಯಾಗಿದ್ದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ತ್ಯಾವಣಿಗೆ ಹತ್ತಿರ ಹುಲ್ಲಿನ ಬಣವೆಗೆ ಬಿದ್ದ ಬೆಂಕಿ ಆರಿಸಿ ವಾಪಸು ಬರುತ್ತಿದ್ದೆವು. ಸಂತೇಬೆನ್ನೂರಿನಲ್ಲಿ ಜನ ರಸ್ತೆಗೆ ಅಡ್ಡ ನಿಂತು ನಮ್ಮ ಗಾಡಿ ತಡೆದರು.

ಗುಡಿಯ ಮುಂದೆ ಹೊಸ ಕಾರು. ಬಾನೆಟ್ಟಿಗೆ ಹಾರ, ಚಕ್ರದಡಿ ನಿಂಬೆಹಣ್ಣು. ಒಳಗೆ ಎರಡು ವರ್ಷದ ಹೆಣ್ಣುಮಗು, ನಾಲ್ಕೂ ಬಾಗಿಲು ಲಾಕ್.

ಆಗಿದ್ದಿಷ್ಟು. ಪೂಜೆಗೆಂದು ಎರಡೂ ಕೀಲಿಗೆ ಕುಂಕುಮ ಹಚ್ಚಿ ಡ್ಯಾಶ್‌ಬೋರ್ಡಿನ ಮೇಲಿನ ಗಣಪನ ಮುಂದೆ ಇಟ್ಟಿದ್ದರು. ಮಗು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿತ್ತು. ಧೂಳು ಬಾರದಿರಲೆಂದು ಬಾಗಿಲು ಹಾಕಿದರು. ಎದ್ದ ಮಗು ಮುಂದಕ್ಕೆ ಹತ್ತಿ ಬಂದು, ಕೀಲಿ ಹಿಡಿದು ಆಡುತ್ತಾ ಬಟನ್ ಒತ್ತಿಬಿಟ್ಟಿದೆ. ಸೆಂಟ್ರಲ್ ಲಾಕ್ ಅಂದರೆ ಅದೇ. ಒಂದು ಬಟನ್ನಿಗೆ ಎಲ್ಲ ಬಾಗಿಲೂ ಲಾಕ್ ಆಗುತ್ತವೆ, ಒತ್ತಿದವರು ಯಾರು ಎಂದು ಅದು ಕೇಳುವುದಿಲ್ಲ.

"ಗಾಜು ಒಡಿಬ್ಯಾಡ್ರಿ ಸಾಹೇಬ್ರೇ," ಎಂದು ಮಗುವಿನ ಅಜ್ಜ ಕೈ ಮುಗಿದರು. "ಪೂಜೆ ಇನ್ನೂ ಅರ್ಧ ಐತೆ, ಅಪಶಕುನ ಆಗ್ತೈತೆ. ದಾವಣಗೆರೆಯಿಂದ ಮೆಕ್ಯಾನಿಕ್ ಹೊರಟಾನೆ."

ನನಗೆ ಸಿಟ್ಟು ನೆತ್ತಿಗೇರಿತು. ಮುಚ್ಚಿದ ಕಾರು ಬಿಸಿಲಲ್ಲಿ ಎಷ್ಟು ಬೇಗ ಕಾಯುತ್ತದೆಂದು ಬಲ್ಲವನಿಗೆ ದಾವಣಗೆರೆ ಬಹಳ ದೂರ.

"ಮಗು ಎಷ್ಟೊತ್ತಿಂದ ಅಳ್ತಾ ಐತ್ರಿ?" ಎಂದೆ.

"ಈಗ ಅಳು ನಿಲ್ಸೈತ್ರಿ, ಸಮಾಧಾನ ಆಗೈತೆ," ಎಂದರು ಅಜ್ಜ.

ಬಿಸಿಲಿಗೆ ಕಾದ ಕಾರಿನೊಳಗೆ ಮಗು ಅಳು ನಿಲ್ಲಿಸಿದರೆ ಅದು ಸಮಾಧಾನವಲ್ಲ, ಎಚ್ಚರ ತಪ್ಪುತ್ತಿದೆ ಎಂದರ್ಥ. ಇಣುಕಿದೆ. ಮಗು ಮುಂದಿನ ಎಡ ಸೀಟಿನಲ್ಲಿ ವಾಲಿಕೊಂಡಿತ್ತು, ಮುಖ ಕೆಂಪಗಾಗಿ ಕಣ್ಣು ಅರೆ ತೆರೆದಿತ್ತು. ಗಾಡಿಯಿಂದ ಕೊಡಲಿ ತೆಗೆದುಕೊಂಡೆ.

ಅಷ್ಟರಲ್ಲಿ ಮಗುವಿನ ತಾಯಿ, ಪೂಜೆಗಿಟ್ಟಿದ್ದ ತೆಂಗಿನಕಾಯಿ ಎತ್ತಿ ಕಾರಿನ ಗಾಜಿಗೆ ಅಪ್ಪಳಿಸಿದಳು. ಕಾಯಿ ಒಡೆಯಿತು, ಗಾಜು ಹಾಗೇ ಇತ್ತು.

"ಮಾವಾರೆ, ಪೂಜೆ ಆತು," ಎಂದಳು ಅಜ್ಜನಿಗೆ. "ಇನ್ನ ಅವರಿಗೆ ಬಿಡ್ರಿ."

ಅಜ್ಜ ಹಿಂದೆ ಸರಿದರು. ಪಕ್ಕದ ಗಾಜನ್ನು ನಡುವೆ ಹೊಡೆದರೆ ಸುಲಭಕ್ಕೆ ಒಡೆಯದು. ಚೂಪಾದದ್ದರಿಂದ ಮೂಲೆಗೆ ಹೊಡೆಯಬೇಕು, ಅದೂ ಮಗುವಿನಿಂದ ದೂರದ ಕಿಟಕಿಗೆ. ಹಿಂದಿನ ಬಲಗಡೆಯ ಗಾಜಿನ ಮೂಲೆಗೆ ಕೊಡಲಿಯ ಮೊನೆಯಿಂದ ಹೊಡೆದೆ. ಗಾಜು ಪುಡಿಪುಡಿಯಾಗಿ ಉದುರಿತು, ಝಳ ಮುಖಕ್ಕೆ ರಾಚಿತು. ಒಳಗೆ ಕೈ ಹಾಕಿ ಬಾಗಿಲು ತೆಗೆದು ಮಗುವನ್ನು ಎತ್ತಿದರೆ ಮೈ ಸುಡುತ್ತಿತ್ತು, ಸದ್ದೇ ಇಲ್ಲ. ಒದ್ದೆ ಬಟ್ಟೆ ಹೊದಿಸಿ ನಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಓಡಿದೆವು. ತಾಯಿ ದಾರಿಯುದ್ದಕ್ಕೂ, "ಉಸಿರು ಐತೇನ್ರಿ?" ಎಂದು ಕೇಳುತ್ತಲೇ ಇದ್ದಳು. ಐತೆ ಎನ್ನುತ್ತಿದ್ದೆ, ಪ್ರತಿ ಸಲವೂ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿಕೊಂಡು. ಆಸ್ಪತ್ರೆಯ ಬಾಗಿಲಲ್ಲಿ ಮಗು ಅತ್ತಾಗ ನನಗೂ ಅಳು ತಡೆಯಲಾಗಲಿಲ್ಲ.

ಆ ಲಾಕಿನ ಮೇಲೆ ನನಗೆ ದ್ವೇಷವಿಲ್ಲ. ಓಡುವ ಕಾರಿನ ಬಾಗಿಲು ತೆರೆದು ಮಕ್ಕಳು ಬೀಳದಂತೆ ಕಾಯುವುದೂ ಅದೇ. ಆದರೆ ಈಗ ಯಾರ ಕಾರಿನ ಪೂಜೆಗೆ ಹೋದರೂ ಮೊದಲು ಒಂದು ಕೀಲಿ ಇಸಿದುಕೊಂಡು ಜೇಬಿಗೆ ಹಾಕಿಕೊಳ್ಳುತ್ತೇನೆ. "ದೇವರಿಗೆ ಒಂದೇ ಸಾಕೇನ್ರಿ?" ಎಂದು ನಗುತ್ತಾರೆ. ನಗಲಿ. ಅಳು ನಿಂತ ಕಾರಿನ ಮುಂದೆ ಅವರು ನಿಂತಿಲ್ಲ.