ರುಚಿ ನೋಡುವವಳು

ನ್ಯೂ ಆರ್ಲಿಯನ್ಸ್‌ನ ಟ್ರೆಮೆ ಕೇರಿಯಲ್ಲಿ ಮಿರ್ಟಿಲ್‌ಳನ್ನು ಅರಿಯದವರಿರಲಿಲ್ಲ. ಪ್ರವಾಸದ ಕಂಪನಿಯೊಂದರ ಪರವಾಗಿ ಊರು ನೋಡಲು ಬಂದವರ ಗುಂಪು ಕಟ್ಟಿಕೊಂಡು ಬೀದಿ ಬೀದಿ ಸುತ್ತಿಸಿ, ಫ್ರೆಂಚ್, ಆಫ್ರಿಕನ್ ಕೈರುಚಿ ಬೆರೆತ ಅಲ್ಲಿನ ಕ್ರಿಯೋಲ್ ಅಡುಗೆಯ ರುಚಿ ತೋರಿಸುವುದು ಅವಳ ಕಸುಬು. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ನಗು. ಸುತ್ತಾಟ ಮುಗಿಯುತ್ತಿದ್ದುದು ಅವಳ ದೊಡ್ಡಮ್ಮ ಒಜೀತ್‌ಳ ಪುಟ್ಟ ಹೋಟೆಲಿನಲ್ಲಿ. ಎಣ್ಣೆಯಲ್ಲಿ ಕೆಂಪಗೆ ಹುರಿದ ಹಿಟ್ಟಿಗೆ ಏಡಿ, ಸೀಗಡಿ, ಬೆಂಡೆಕಾಯಿ ಹಾಕಿದ ಒಜೀತ್‌ಳ ಗಂಬೊ ಸಾರಿಗಾಗಿ ಭಾನುವಾರ ಚರ್ಚು ಬಿಟ್ಟ ಮೇಲೆ ಕೇರಿಯವರೆಲ್ಲ ಬಾಗಿಲಲ್ಲಿ ಕಾಯುತ್ತಿದ್ದರು.

ಕೊರೊನಾ ಮಿರ್ಟಿಲ್‌ಳ ಗಂಡನನ್ನು ಹೊತ್ತುಕೊಂಡು ಹೋಯಿತು. ಅವಳು ಬದುಕಿಕೊಂಡಳು. ಆದರೆ ಮೂಗು, ನಾಲಿಗೆ ಎರಡೂ ಸತ್ತುಹೋದವು. ಬಾಯಿಗೆ ಏನಿಟ್ಟರೂ ಒದ್ದೆ ಕಾಗದ ಅಗಿದಂತೆ. ಡಾಕ್ಟರು ಕಾಯಬೇಕೆಂದರು. ಕಾದಳು, ರುಚಿ ಮರಳಲಿಲ್ಲ. ಸುತ್ತಾಟ ಮತ್ತೆ ಶುರುವಾದಾಗ ಅವಳು ಯಾರ ಬಳಿಯೂ ಬಾಯಿಬಿಡಲಿಲ್ಲ. ಇದು ಗೊತ್ತಾದರೆ ತನ್ನ ಹಿಂದೆ ಯಾರು ಬಂದಾರು? ನೆನಪಿನಿಂದಲೇ ಬಣ್ಣಿಸುತ್ತಾ ಹೋದಳು.

ಅತಿಥಿಗಳಿಗೆ ಬಡಿಸುವ ಮುನ್ನ ಒಜೀತ್ ಸೌಟನ್ನು ಅವಳ ಬಾಯಿಗೆ ಹಿಡಿಯುತ್ತಿದ್ದಳು.

"ನೋಡೇ, ಉಪ್ಪು ಸರಿಯಾಗಿದ್ಯಾ?"

"ಏನ್ ಕೇಳ್ತೀಯ ದೊಡ್ಡಮ್ಮ, ನಿನ್ ಕೈಗೆ ದೃಷ್ಟಿ ತೆಗೀಬೇಕು!"

ಬಟ್ಟಲುಗಳಲ್ಲಿ ಸಾರು ಹಾಗೇ ಉಳಿಯತೊಡಗಿತು. ಪರವೂರಿನವರಿಗೆ ಖಾರ ಒಗ್ಗುವುದಿಲ್ಲ ಎಂದುಕೊಂಡಳು ಮಿರ್ಟಿಲ್. ಭಾನುವಾರದ ಜನವೂ ಕರಗಿತು. ಅದಕ್ಕೂ ಏನೋ ಒಂದು ನೆಪ ಹುಡುಕಿಕೊಂಡಳು.

ಒಂದು ಮಧ್ಯಾಹ್ನ, ಗಾರೆ ಕೆಲಸ ಮಾಡಿ ಮುದುಕನಾಗಿದ್ದ ನೆರೆಮನೆಯ ಅಲ್ಸೀಡ್ ಎಲ್ಲರೆದುರು ಬಟ್ಟಲು ಪಕ್ಕಕ್ಕೆ ಸರಿಸಿದ.

"ತಪ್ಪು ತಿಳೀಬೇಡ ಒಜೀತ್. ಹಿಟ್ಟು ಸೀದು ಕಹಿಯಾಗಿದೆ, ಉಪ್ಪು ಬಾಯಿಗಿಡೋ ಹಾಗಿಲ್ಲ. ಎಷ್ಟೋ ತಿಂಗಳಿಂದ ಹಿಂಗೇ. ನಿನ್ ಮುಖ ನೋಡಿ ಯಾರೂ ಹೇಳ್ಲಿಲ್ಲ."

ಒಜೀತ್ ಮಿರ್ಟಿಲ್‌ಳತ್ತ ತಿರುಗಿದಳು. "ನೀನು ಚೆನ್ನಾಗಿದೆ ಅಂದ್ಯಲ್ಲೇ?"

"ಜ್ವರ ಬಂದಾಗಿಂದ ನಂಗೇನೂ ರುಚಿ ಗೊತ್ತಾಗಲ್ಲ, ದೊಡ್ಡಮ್ಮ."

ಮುದುಕಿ ಕುರ್ಚಿ ಹಿಡಿದು ಕುಳಿತಳು. "ನಂಗೂ ಗೊತ್ತಾಗಲ್ಲ ಕಣೇ. ವಯಸ್ಸಾಯ್ತು, ನಾಲಿಗೆ ಹೋಯ್ತು. ಅದಕ್ಕೇ ಅಲ್ವೇನೇ ದಿನಾ ನಿನ್ನ ಕೇಳ್ತಿದ್ದಿದ್ದು!"

ಅತಿಥಿಗಳು ಒಬ್ಬೊಬ್ಬರಾಗಿ ಎದ್ದು ಹೊರಟರು.

ಮರುದಿನ ಹೋಟೆಲು ತೆರೆಯಲಿಲ್ಲ. "ಅಲ್ಸೀಡ್ ರುಚಿ ನೋಡಿ ಹೇಳ್ತಾನೆ, ಒಲೆ ಹಚ್ಚು" ಎಂದು ಮಿರ್ಟಿಲ್ ಅಂಗಲಾಚಿದಳು.

"ಇನ್ನೊಬ್ರ ನಾಲಿಗೆ ನಂಬಿ ಅಡುಗೆ ಮಾಡಿದ್ದು ಸಾಕು" ಎಂದಳು ಒಜೀತ್.

ಅವಳು ಮಿರ್ಟಿಲ್‌ಳೊಡನೆ ಆಡಿದ ಕೊನೆಯ ಮಾತು ಅದು. ಚಳಿಗಾಲದಲ್ಲಿ ಹಾಸಿಗೆ ಹಿಡಿದಳು. ಆಸ್ಪತ್ರೆಗೆ ಮಿರ್ಟಿಲ್ ಹೋದಾಗಲೆಲ್ಲ ಗೋಡೆಯ ಕಡೆ ಮಗ್ಗುಲಾಗುತ್ತಿದ್ದಳು. ಹಾಗೆಯೇ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಮಿರ್ಟಿಲ್ ಪ್ರವಾಸದ ಕಂಪನಿಯ ಯಜಮಾನರಿಗೆ ನಿಜ ಹೇಳಿದಳು. ಅವರು ಅವಳನ್ನು ಕೆಲಸದಿಂದ ತೆಗೆದರು. ಈಗ ಒಂದು ಲಾಡ್ಜಿನಲ್ಲಿ ಹಾಸಿಗೆ ಬಟ್ಟೆ ಒಗೆದು ಮಡಚುತ್ತಾಳೆ. ಕೆಲಸಕ್ಕೆ ಹೋಗುವಾಗ ಹೊಸ ಹುಡುಗಿಯೊಬ್ಬಳು ಗುಂಪು ಕಟ್ಟಿಕೊಂಡು ಎದುರಾದರೆ, ತಲೆ ತಗ್ಗಿಸಿ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಾಳೆ.