ಈಳಿಗೆಮಣೆಗೆ ಬಂದ ಕಾಲು

ಕುಣಿಗಲ್‌ನಿಂದ ತಂಗಿ ಎರಡು ಎಳೆ ಹಲಸಿನಕಾಯಿ ಕಳಿಸಿದ್ದಳು. ಬೆಳಿಗ್ಗೆ ಪಲ್ಯಕ್ಕೆಂದು ಹೆಚ್ಚಲು ಹೋದರೆ ಚಾಕು ಅರ್ಧಕ್ಕೇ ಸಿಕ್ಕಿಕೊಂಡಿತು, ಕೈಯೆಲ್ಲ ಮೇಣ. ಆ ಮೇಣದ ವಾಸನೆಗೆ ನಮ್ಮತ್ತೆಯ ಈಳಿಗೆಮಣೆ ನೆನಪಾಯಿತು. ಮಂಚದ ಕೆಳಗೆ ಅಡ್ಡ ಮಲಗಿಸಿಟ್ಟಿದ್ದೆ. ನೆಲದ ಮೇಲೆ ಕೂತು ಎಳೆದೆ. ಮಣೆ ಈಚೆಗೆ ಬಂತು, ಆದರೆ ನನಗೆ ಏಳಲು ಆಗಲಿಲ್ಲ.

ನಗಬೇಡಿ. ಅರವತ್ತು ದಾಟಿದವರಾಗಿದ್ದರೆ ನೀವೂ ಒಮ್ಮೆ ನೆಲದ ಮೇಲೆ ಕೂತು ನೋಡಿ, ಆಮೇಲೆ ಮಾತಾಡೋಣ. ಮೂವತ್ತು ವರ್ಷ ಮೇಷ್ಟ್ರಮ್ಮನಾಗಿ ಎಷ್ಟು ಮಕ್ಕಳನ್ನು "ಎದ್ದು ನಿಲ್ಲು" ಎಂದು ಗದರಿಸಿದ್ದೆನೋ! ಈಗ ನನ್ನ ಮಂಡಿಗಳು ಕೊನೆಯ ಬೆಂಚಿನ ಹುಡುಗರ ಹಾಗೆ ಕೇಳಿಸಿಯೂ ಕೇಳಿಸದಂತೆ ಇದ್ದವು.

ಈಳಿಗೆಮಣೆ ಎಂದರೆ ನೆಲಕ್ಕೆ ಅಂಟಿಕೊಂಡಿರುವ ಹಲಗೆ ಎಂದುಕೊಂಡಿರುತ್ತೀರಿ. ಇದು ಹಾಗಲ್ಲ. ಕೂರುವಷ್ಟು ಉದ್ದದ ಹಲಗೆ, ಅದರ ತುದಿಗೆ ಈಳಿಗೆ, ಕೆಳಗೆ ಕುರ್ಚಿಯ ಎತ್ತರಕ್ಕೆ ನಾಲ್ಕು ಕಾಲು. ಒಂದೊಂದು ಕಾಲಿನಲ್ಲೂ ಎರಡು ಕಡೆ ತೇಪೆ. ಆ ತೇಪೆಗಳ ಕಥೆಯನ್ನೇ ಹೇಳಬೇಕಾಗಿರುವುದು.

ಅತ್ತೆ ಗುಬ್ಬಿ ತಾಲ್ಲೂಕಿನ ಕಡಬದವರು. ತುಮಕೂರಿನ ನಮ್ಮ ಮನೆಗೆ ಬಂದಾಗಲೇ ಎಪ್ಪತ್ತಾಗಿತ್ತು. ಆದರೂ ನೆಲಕ್ಕೆ ಕೈಯೂರದೆ ಎದ್ದು ನಿಲ್ಲುತ್ತಿದ್ದರು. ನಾನು ಟೇಬಲ್ ಹಿಡಿದು ಏಳುವುದನ್ನು ನೋಡಿ, "ಏನವ್ವಾ, ನೀನು ನಂಗೆ ಸೊಸೆನೋ ಅತ್ತೆನೋ?" ಎಂದು ಛೇಡಿಸುತ್ತಿದ್ದರು.

ಮುಂದೊಂದು ದಿನ ಬಚ್ಚಲಲ್ಲಿ ಅವರ ಕಾಲು ಜಾರಿತು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ನನ್ನ ಸೇವೆ ಶುರುವಾಯಿತು. ತಟ್ಟೆ ಹಾಸಿಗೆಗೇ ಹೋಗುತ್ತಿತ್ತು, ನೀರಿನ ಲೋಟ ಕೈಗೇ ಹೋಗುತ್ತಿತ್ತು. ಅವರು ಕಾಲು ಕೆಳಗಿಟ್ಟರೆ ಸಾಕು, "ನೀವು ಕೂತಿರಿ ಅತ್ತೆ, ನಾನ್ ಮಾಡ್ತೀನಿ" ಎಂದು ಓಡುತ್ತಿದ್ದೆ. ಬೀದಿಯವರೆಲ್ಲ ಸೊಸೆ ಅಂದರೆ ಹೀಗಿರಬೇಕು ಎಂದರು. ನಾನು ಉಬ್ಬಿಹೋದೆ. ಆರು ತಿಂಗಳಲ್ಲಿ, ಬಿದ್ದ ವಾರದಲ್ಲೂ ಗೋಡೆ ಹಿಡಿದು ನಡೆದಿದ್ದ ಹೆಂಗಸು, ಇಬ್ಬರು ಎತ್ತದೆ ಬಚ್ಚಲಿಗೆ ಹೋಗಲಾರದಂತಾದರು.

ಡಾಕ್ಟರಮ್ಮ ಕಾಲು ಮಡಚಿ, ಚಾಚಿ ನೋಡಿ, "ಮನೇಲಿ ಏನ್ ಕೆಲ್ಸ ಮಾಡ್ತಾರೆ?" ಎಂದರು.

"ಒಂದು ಕಡ್ಡಿ ಎತ್ತಿಡೋಕೂ ಬಿಡಲ್ಲ ಡಾಕ್ಟ್ರೇ," ಎಂದೆ, ಹೆಮ್ಮೆಯಿಂದ.

"ಅದೇ ಆಗಿರೋದು ಇವರಿಗೆ," ಎಂದರು ಅವರು.

ಮನೆಗೆ ಬಂದ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡು ಹೇಳಿದರು: "ನಂಗೆ ಬ್ಯಾರೆ ಏನೂ ಆಸೆ ಇಲ್ಲ ಕಣವ್ವಾ. ಬಚ್ಚಲಿಗೆ ಒಬ್ಳೇ ಹೋಗಿ ಬರಂಗಾದ್ರೆ ಸಾಕು. ಮಗನ ಮುಂದೆ ನಾಚ್ಕೆ ಆಯ್ತದೆ."

ಅವರಿಗೆ ಕೆಲಸ ಕೊಡೋಣವೆಂದರೆ, ಗೊತ್ತಿದ್ದ ಕೆಲಸವೆಲ್ಲ ನೆಲದ ಮೇಲಿನದು. ಹಿಂದಿನ ಬೀದಿಯ ಬಡಗಿ ಖಾದರ್ ಸಾಬರನ್ನು ಕರೆಸಿದೆ. ಅವರು ಈಳಿಗೆಮಣೆಗೆ ನಾಲ್ಕು ಕಾಲು ಹಚ್ಚಿ, ಕುರ್ಚಿಯ ಮುಂದೆ ಇಟ್ಟು ಹೋದರು. ಅತ್ತೆ ಸೋರೆಕಾಯಿ ಒತ್ತಿದ್ದೇ ತಡ, ಮಣೆ ಮಗುಚಿ ಬಿತ್ತು. ಕೆಳಗೆ ಕೂತಾಗ ಮಣೆಯನ್ನು ಹಿಡಿದಿಡುವುದು ಕೂತವಳ ಕಾಲೇ ಎಂಬುದು ಸಾಬರಿಗೂ ಹೊಳೆದಿರಲಿಲ್ಲ, ದಿನಾ ಹೆಚ್ಚುತ್ತಿದ್ದ ನನಗೂ ಹೊಳೆದಿರಲಿಲ್ಲ. ಮತ್ತೆ ಬಂದ ಸಾಬರು ಹಣೆ ಚಚ್ಚಿಕೊಂಡು, ಉದ್ದನೆಯ ಹಲಗೆ ತಂದು, ಈಳಿಗೆಯನ್ನು ಅದರ ತುದಿಗೆ ಕೂರಿಸಿದರು. "ಈಗ ಇದ್ರ ಮೇಲೇ ಕೂತ್ಕೊಳ್ಳಿ ಅಜ್ಜಿ, ನಿಮ್ ಭಾರಾನೇ ಹಿಡ್ಕೊಳ್ತದೆ. ನಾನೂ ಈಗ ಕುರ್ಚಿ ಮೇಲೆ ಕೂತೇ ನಮಾಜ್ ಮಾಡೋದು. ಮಂಡಿ ಯಾರ ಮಾತು ಕೇಳ್ತದೆ ಹೇಳಿ?"

ಅತ್ತೆ ಹೆಚ್ಚಿದರು. ಹೆಚ್ಚಿದ್ದನ್ನು ನಾನು ಹೋಗಿ ತರಲಿಲ್ಲ, ಅವರೇ ಎದ್ದು ಒಲೆಯವರೆಗೆ ತಂದುಕೊಡಬೇಕು. ಮೊದಮೊದಲು ಪಕ್ಕದಲ್ಲಿ ನಿಂತು, ಸೆರಗಿನೊಳಗೆ ಕೈ ಬಿಗಿಹಿಡಿದುಕೊಂಡು ನೋಡುತ್ತಿದ್ದೆ. ಓಡಿಹೋಗಿ ಎತ್ತದೆ ಸುಮ್ಮನಿರುವುದು ಎತ್ತುವುದಕ್ಕಿಂತ ಕಷ್ಟ.

ಎರಡು ತಿಂಗಳಾದ ಮೇಲೆ ಅತ್ತೆ, "ಸಾಬ್ರನ್ನ ಕರಸು. ಕಾಲು ನಾಕು ಬೆಳ್ಳು ಕೊಯ್ಲಿ, ಮಣೆ ಎತ್ರ ಆಯ್ತು" ಎಂದರು. ಸಾಬರು ನಕ್ಕು, ಎರಡೇ ಬೆರಳು ಕೊಯ್ದರು. "ಮಿಕ್ಕಿದ್ದು ಆಮೇಲೆ, ಅಜ್ಜಿ." ಮುಂದಿನ ತಿಂಗಳು ಇನ್ನೆರಡು ಬೆರಳು. ಕೊಯ್ದ ತುಂಡುಗಳನ್ನು ದಾರದಲ್ಲಿ ಕಟ್ಟಿ ನನ್ನ ಕೈಗಿಟ್ಟು ಮೆಲ್ಲಗೆ, "ಬಿಸಾಕ್ಬೇಡಿ ಅಮ್ಮ, ಬೇಕಾಗ್ತದೆ" ಎಂದರು. ನನಗೆ ಸಿಟ್ಟೇ ಬಂತು, ಅಪಶಕುನ ನುಡಿದರಲ್ಲ ಎಂದು.

ಒಂದು ಬೆಳಿಗ್ಗೆ ನೋಡಿದರೆ ಹಾಸಿಗೆ ಖಾಲಿ. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ. ನಾನು, ನಮ್ಮ ಯಜಮಾನರು ಇಬ್ಬರೂ ಬಾಗಿಲು ಬಡಿದೆವು. ಒಳಗೆ ನೀರು ಸುರಿಯುವ ಸದ್ದು, ಅದರ ಹಿಂದೆಯೇ ಅತ್ತೆಯ ದನಿ: "ಇನ್ನೂ ಸತ್ತಿಲ್ಲ, ಹೋಗ್ರೋ ಅತ್ಲಾಗೆ! ನೆಮ್ದಿಯಾಗಿ ಮೀಯಾಕೂ ಬುಡಲ್ಲ." ಯಜಮಾನರು ಗೋಡೆಗೆ ಒರಗಿ ಅತ್ತರು. ನಾನು ಕಾಫಿಗೆ ಸಕ್ಕರೆ ಎರಡು ಸಲ ಹಾಕಿದೆ.

ಸಾಬರು ಹೇಳಿದ್ದು ಸುಳ್ಳಾಗಲಿಲ್ಲ. ನಾಲ್ಕು ವರ್ಷದ ಮೇಲೆ, ತಗ್ಗಿನ ಮಣೆಯಿಂದ ಏಳುವುದು ಅತ್ತೆಗೆ ಕಷ್ಟವಾಗಿ, ಆ ತುಂಡುಗಳು ಬೇಕಾದವು. ಸಾಬರೇ ಬಂದು ಮೊಳೆ ಹೊಡೆದು ಒಂದೊಂದಾಗಿ ಮತ್ತೆ ಸೇರಿಸಿದರು. ಅತ್ತೆ ಬೇಸರಪಡಲಿಲ್ಲ. "ಇಳಿದಿದ್ದು ಏರ್ತದೆ ಬುಡು," ಎಂದರು. ಕೊನೆಯ ವರ್ಷ ಈಳಿಗೆ ಕೈಗೆ ಭಾರವಾಯಿತು, ಕೊತ್ತಂಬರಿ ಸೊಪ್ಪು ಬಿಡಿಸುವುದಷ್ಟೇ ಉಳಿಯಿತು. ಆ ಕೆಲಸವನ್ನು ನಾನು ಅವರಿಂದ ಕಸಿಯಲಿಲ್ಲ. ಬಚ್ಚಲಿಗೆ ಒಬ್ಬರೇ ಹೋಗಿ ಬಂದ ಆ ನಾಲ್ಕು ವರ್ಷಕ್ಕೆ ನಾನು ಡಾಕ್ಟರಮ್ಮನಿಗೂ, ಸಾಬರಿಗೂ, ಅತ್ತೆಯ ಹಟಕ್ಕೂ ಋಣಿ.

ಇವತ್ತು ನೆಲದ ಮೇಲೆ ಕೂತು ಇಷ್ಟೆಲ್ಲ ನೆನೆಯುತ್ತಿರುವಾಗ ನನ್ನ ಸೊಸೆ ಓಡಿಬಂದಳು. "ಅಯ್ಯೋ ಅತ್ತೆ! ಇರಿ, ಎತ್ತುತ್ತೀನಿ. ಇನ್ಮೇಲೆ ನೀವು ಸುಮ್ನೆ ಕೂತಿರಿ, ಎಲ್ಲಾ ನಾನ್ ಮಾಡ್ತೀನಿ."

ಒಳ್ಳೆಯ ಹುಡುಗಿ. ನನ್ನಷ್ಟೇ ಒಳ್ಳೆಯವಳು.

"ಎತ್ತಬೇಡ ಕಣೇ. ಪಕ್ಕದಲ್ಲಿ ನಿಂತಿರು, ಬಿದ್ರೆ ಹಿಡ್ಕೋ," ಎಂದೆ. ಮಣೆಯನ್ನು ನಿಲ್ಲಿಸಿ, ಒಂದು ಮಂಡಿಯೂರಿ, ಅದರ ಮೇಲೆ ಕೈಯೂರಿ, ಮೂರನೆಯ ಸಲಕ್ಕೆ ಎದ್ದೆ. ಅವಳ ಕೈ ನನ್ನ ಬೆನ್ನ ಹಿಂದೆ ಗಾಳಿಯಲ್ಲೇ ಇತ್ತು. ಪಾಪ, ಅವಳಿಗೆಷ್ಟು ಕಷ್ಟವಾಯಿತೋ ನನಗೆ ಗೊತ್ತು. ಆಮೇಲೆ ಮಣೆಯ ಮೇಲೆ ಕೂತು ಹಲಸಿನಕಾಯಿ ಪೂರ್ತಿ ಹೆಚ್ಚಿದೆ.

"ಎತ್ರ ಸರಿಯಿದ್ಯಾ ಅತ್ತೆ?" ಎಂದಳು.

ನನ್ನ ಪಾದ ನೆಲಕ್ಕೆ ಪೂರ್ತಿ ಎಟುಕುತ್ತಿರಲಿಲ್ಲ. "ಜಾಸ್ತಿ ಆಯ್ತು. ಸಾಬರ ಮಗನಿಗೆ ಫೋನ್ ಮಾಡು, ಎರಡು ಬೆರಳು ಕೊಯ್ಲಿ," ಎಂದೆ. "ತುಂಡು ಮಾತ್ರ ನನ್ ಕೈಗೇ ಕೊಡ್ಬೇಕು ಅನ್ನು."