ಕಂಪ್ಲಿಯಲ್ಲಿ ಬರೆದುಕೊಂಡ ಉತ್ತರಗಳು

“ಗಂಡನ ಹೆಸರು?” ಎಂದು ಕೇಳಿ, ಪೆನ್ಸಿಲ್ ಹಿಡಿದು ಕಾದೆ. ಕಂಪ್ಲಿಯಲ್ಲಿ ಸೋದರತ್ತೆಯ ಮಗಳ ಮದುವೆ. ಮನೆಯವರ ಒಡನಾಟ ವಿದ್ಯಾರ್ಥಿಯ ಓದಿಗೆ ನೆರವೋ ಅಡ್ಡಿಯೋ ಎಂಬ ನನ್ನ ಪ್ರಬಂಧಕ್ಕಾಗಿ, ಗಂಡಂದಿರು ಕಾಲೇಜಿನಲ್ಲಿದ್ದ ಹೆಂಗಸರನ್ನು ಅಲ್ಲಿ ವಿಚಾರಿಸುತ್ತಿದ್ದೆ. ಈಕೆ ಇನ್ನೂ ಹುಡುಗಿ. ಗಂಡ ಬಿ.ಎ. ಮುಗಿಸುವವರೆಗೆ ತವರಿನಲ್ಲೇ ಇರಲೆಂದು ಹಿರಿಯರು ಹೇಳಿದ್ದರಂತೆ. ನಾಲ್ಕು ವರ್ಷದಲ್ಲಿ ಅವನಿಂದ ಒಂದು ಕಾಗದವೂ ಬಂದಿಲ್ಲ. ಓದಿನಲ್ಲಿ ಮಾತ್ರ ಅವನೇ ಮುಂದು. ಸಂಬಂಧಗಳು ಅಡ್ಡಿಯೇ ಎಂಬ ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಕ್ಕಿರಲಿಲ್ಲ.

“ಗಂಡನ ಹೆಸರು ಬಾಯಿಬಿಟ್ಟು ಹೆಂಗ್ ಹೇಳ್ಲಿರಿ?” ಎಂದಳು ಅವಳು, ತಲೆ ತಗ್ಗಿಸಿ. “ಹಾಳಿ ಕೆಳಗ ನಿಮ್ಮ ಸಹಿ ಐತಲ್ರಿ. ಅದನ್ನ ನೋಡಿ ಬರಕೊಳ್ರಿ.”

ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಸೋದರತ್ತೆ ನಗು ತಡೆಯಲಾರದೆ, “ಲೇ, ಓದಿ ಓದಿ ಕಣ್ಣು ಹೋದವೇನ್ಲೇ?” ಎಂದಳು.

ನಾಲ್ಕು ವರ್ಷದ ಹಿಂದೆ ನಮ್ಮ ಮದುವೆಯ ದಿನ ಅಕ್ಷತೆಯ ನಡುವೆ ಒಮ್ಮೆ ಕಂಡ ಮುಖ. ನನ್ನ ಹೆಂಡತಿಗೇ ನಾನು ಒಂಬತ್ತು ಪ್ರಶ್ನೆ ಕೇಳಿದ್ದೆ. ಒಂದೊಂದಕ್ಕೂ ಅವಳು ನಿಜವನ್ನೇ ಹೇಳಿದ್ದಳು.

ಆ ವರ್ಷ ಅವಳಿಗೆ ವಾರಕ್ಕೊಂದು ಕಾಗದ ಬರೆದೂ ನಾನು ಮೊದಲ ದರ್ಜೆಯಲ್ಲೇ ಪಾಸಾದೆ. ಅಷ್ಟರಲ್ಲಿ, ಸಂಬಂಧಗಳು ಅಡ್ಡಿಯೇ ಎಂದ ಆ ಪ್ರಬಂಧಕ್ಕೆ ಬಹುಮಾನ ಬಂದಾಗಿತ್ತು.